ಮೇಲಿನ ಲೋಟ ಕೊಳಕು, ಕೆಳಗಿನ ತಟ್ಟೆ ಫಳಫಳ: ಡಿಶ್‌ವಾಷರ್‌ನ ಡೈವರ್ಟರ್ ಮೋಟರ್ ದೋಷ ಹುಡುಕುವ ಬಗೆ

ಅಮ್ಮ ಡಿಶ್‌ವಾಷರ್ ಬಾಗಿಲು ತೆಗೆದು, ಮೇಲಿನ ರ‍್ಯಾಕ್‌ನಿಂದ ಒಂದು ಸ್ಟೀಲ್ ಲೋಟ ಎತ್ತಿ ನನ್ನ ಮುಂದೆ ಹಿಡಿದಳು. "ನೋಡು, ಬೆಳಿಗ್ಗೆ ಕಾಫಿ ಕುಡಿದಿದ್ದು. ಕಲೆ ಹಾಗೇ ಇದೆ." ಲೋಟದ ತಳದಲ್ಲಿ ಕಂದು ಉಂಗುರ. ಅದರ ಮೇಲೆ ಕರಗದೆ ಉಳಿದ ಸೋಪಿನ ಪುಡಿ. ಕೆಳಗಿನ ರ‍್ಯಾಕ್‌ನಲ್ಲಿದ್ದ ತಟ್ಟೆ, ಕುಕ್ಕರ್ ಮಾತ್ರ ಫಳಫಳ ಹೊಳೆಯುತ್ತಿದ್ದವು.

ನಾಲ್ಕು ತಿಂಗಳ ಹಿಂದೆಯೂ ಹೀಗೇ ಆಗಿತ್ತು. ಆಗ ಮೆಕ್ಯಾನಿಕ್ ಬಂದು, ನೀರನ್ನು ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ ತಿರುಗಿಸುವ ಡೈವರ್ಟರ್ ಮೋಟರ್ ಬದಲಿಸಿ ಹೋಗಿದ್ದರು. ಅರ್ಧ ಗಂಟೆಯ ಕೆಲಸ. ಅವತ್ತೇ ಲೋಟಗಳು ಚೆನ್ನಾಗಿ ತೊಳೆದು ಬಂದಿದ್ದವು. ಹೊಸ ಮೋಟರ್ ಇಷ್ಟು ಬೇಗ ಹೋಗುತ್ತಾ?

ಹೋಗಿತ್ತು. ಮೋಟರ್ ಕಳಪೆ ಅಂತಲ್ಲ. ಹಳೆಯ ಮೋಟರನ್ನು ಕೆಡಿಸಿದ ಕಾರಣ ಯಂತ್ರದೊಳಗೆ ಹಾಗೇ ಕೂತಿತ್ತು. ಅದೇ ಹೊಸದನ್ನೂ ಕೆಡಿಸಿತು. ಈ ಮೋಟರ್ ತಾನಾಗಿ ಸಾಯುವುದು ಕಡಿಮೆ. ಸಾಮಾನ್ಯವಾಗಿ ಒಂದೋ ಮೇಲಿಂದ ನೀರು ತೊಟ್ಟಿಕ್ಕಿ ಸಾಯುತ್ತದೆ, ಇಲ್ಲಾ ಅದು ತಿರುಗಿಸಬೇಕಾದ, ಯಂತ್ರದೊಳಗಿನ ಪ್ಲಾಸ್ಟಿಕ್ ತಟ್ಟೆ ಬಿಗಿಯಾಗಿ ಸಾಯುತ್ತದೆ. ಆ ಎರಡನ್ನೂ ನೋಡದೆ ಮೋಟರ್ ಬದಲಿಸಿದರೆ ದುಡ್ಡು ದಂಡ. ಎರಡನೇ ಸಲ ನಾನೇ ಬಿಚ್ಚಿ ನೋಡಿದೆ. ನೋಡಿದ್ದನ್ನು, ಮಾಡಿದ್ದನ್ನು ಅದೇ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ.

ಈ ಮೋಟರ್ ಮಾಡುವ ಕೆಲಸ

ಡಿಶ್‌ವಾಷರ್ ಒಂದು ಹಂತಕ್ಕೆ ಸುಮಾರು ಮೂರು-ನಾಲ್ಕು ಲೀಟರ್ ನೀರು ಮಾತ್ರ ತುಂಬಿಕೊಳ್ಳುತ್ತದೆ. ಪಂಪ್ ಅದೇ ನೀರನ್ನು ಮತ್ತೆ ಮತ್ತೆ ಎತ್ತಿ ಪಾತ್ರೆಗಳ ಮೇಲೆ ಚಿಮ್ಮಿಸುತ್ತದೆ. ಇಷ್ಟು ಸ್ವಲ್ಪ ನೀರಿನಲ್ಲಿ ಮೇಲಿನ ಸ್ಪ್ರೇ ಆರ್ಮ್‌ಗೂ (ನೀರು ಚಿಮ್ಮಿಸುತ್ತಾ ತಿರುಗುವ, ತೂತುಗಳಿರುವ ತೋಳು) ಕೆಳಗಿನದಕ್ಕೂ ಒಟ್ಟಿಗೆ ಒತ್ತಡ ಕೊಡಲು ಆಗಲ್ಲ. ಅದಕ್ಕೇ ಸರದಿ. ಸ್ವಲ್ಪ ಹೊತ್ತು ಕೆಳಗೆ, ಸ್ವಲ್ಪ ಹೊತ್ತು ಮೇಲೆ. ಕೆರೆ ಕೆಳಗಿನ ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುವ ನೀರುಗಂಟಿ ಇರುತ್ತಾರಲ್ಲ, ಯಂತ್ರದೊಳಗೆ ಆ ಕೆಲಸ ಡೈವರ್ಟರ್‌ದು.

ಅದರ ರಚನೆ ಸರಳ. ತಳದ ನೀರಿನ ಗುಂಡಿಗೆ ಸಂಪ್ ಅಂತಾರೆ. ಅದರ ಒಳಗೆ ತೂತುಗಳಿರುವ ಒಂದು ಪ್ಲಾಸ್ಟಿಕ್ ತಟ್ಟೆ ಇರುತ್ತದೆ. ಯಾವ ಪೈಪಿನ ಬಾಯಿಗೆ ತೂತು ಬಂತೋ ಆ ಪೈಪಿಗೆ ನೀರು. ತಟ್ಟೆಯ ಕಡ್ಡಿ ಸಂಪ್‌ನ ಗೋಡೆ ದಾಟಿ ಹೊರಗೆ ಬರುತ್ತದೆ. ಹೊರಗೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಮೋಟರ್. ಕಡ್ಡಿ ಗೋಡೆ ದಾಟುವ ಜಾಗದಲ್ಲಿ ಒಂದು ರಬ್ಬರ್ ಸೀಲ್. ಮೋಟರ್ ಜೊತೆಗೇ ಒಂದು ಪುಟ್ಟ ಸ್ವಿಚ್ಚೂ ಇರುತ್ತದೆ. ತಟ್ಟೆ ಈಗ ಯಾವ ಜಾಗದಲ್ಲಿದೆ ಅಂತ ಯಂತ್ರದ ಕಂಟ್ರೋಲ್ ಬೋರ್ಡಿಗೆ ತಿಳಿಸುವುದು ಈ ಸ್ವಿಚ್. ಕೆಲವು ಯಂತ್ರಗಳಲ್ಲಿ ಸ್ವಿಚ್ಚಿನ ಬದಲು ಬೆಳಕಿನ ಸೆನ್ಸರ್ ಇರುತ್ತದೆ.

ಮೋಟರ್ ಸಾಮಾನ್ಯವಾಗಿ ಸಿಂಕ್ರೊನಸ್ ಜಾತಿಯದು. ಕೆಲವೇ ವ್ಯಾಟ್ ತಿನ್ನುತ್ತದೆ. ಒಳಗಿನ ಗಿಯರ್‌ಗಳಿಂದಾಗಿ ನಿಮಿಷಕ್ಕೆ ಕೆಲವೇ ಸುತ್ತು ತಿರುಗುತ್ತದೆ. ಇದರ ವೇಗ ಕರೆಂಟಿನ ಆವರ್ತನಕ್ಕೆ ಕಟ್ಟುಬಿದ್ದಿರುತ್ತದೆ, ನಮ್ಮಲ್ಲಿ 50 ಹರ್ಟ್ಜ್. ವೋಲ್ಟೇಜ್ ಸ್ವಲ್ಪ ಇಳಿದರೆ ವೇಗ ಇಳಿಯಲ್ಲ, ಬಲ ಇಳಿಯುತ್ತದೆ. ತಟ್ಟೆ ಸ್ವಲ್ಪ ಬಿಗಿಯಾಗಿದ್ದು, ಸಂಜೆ ಹೊತ್ತು ವೋಲ್ಟೇಜೂ ಕಡಿಮೆ ಇದ್ದರೆ ಮೋಟರ್ ಸೋತು ನಿಂತುಬಿಡುತ್ತದೆ. ರಾತ್ರಿ ಹನ್ನೊಂದಕ್ಕೆ ಹಾಕಿದರೆ ತೊಳೆಯುತ್ತೆ, ಏಳಕ್ಕೆ ಹಾಕಿದರೆ ತೊಳೆಯಲ್ಲ ಅನ್ನುವ ದೂರಿಗೆ ಇದು ಒಂದು ಕಾರಣ.

ಒಂದು ಮಾತು ಇಲ್ಲೇ ಹೇಳಬೇಕು. ಎಲ್ಲಾ ಡಿಶ್‌ವಾಷರ್‌ನಲ್ಲೂ ಈ ಮೋಟರ್ ಇರಲ್ಲ. ಕೆಲವದರಲ್ಲಿ ಪಂಪ್ ನಿಂತು ಮತ್ತೆ ಶುರುವಾದಾಗ ನೀರಿನ ಒತ್ತಡದಿಂದಲೇ ತಟ್ಟೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಿಮ್ಮ ಮಾಡೆಲ್ ನಂಬರ್ ಹಾಕಿ ಬಿಡಿಭಾಗಗಳ ಚಿತ್ರ ನೋಡಿದರೆ ಗೊತ್ತಾಗುತ್ತದೆ. ನಂಬರ್ ಬಾಗಿಲಿನ ಅಂಚಿನಲ್ಲಿ, ಬಾಗಿಲು ತೆರೆದಾಗ ಕಾಣುವ ಜಾಗದಲ್ಲಿ ಬರೆದಿರುತ್ತದೆ.

ಬಿಚ್ಚುವ ಮುಂಚೆ

ಯಂತ್ರ ಮಲಗಿಸುವುದು ಕೊನೆಯ ಕೆಲಸ. ಮೊದಲು ಕೂತಲ್ಲೇ ನೋಡಬಹುದಾದ್ದು ಬೇಕಾದಷ್ಟಿದೆ.

ಯಾವ ರ‍್ಯಾಕ್ ಕೊಳಕು ಅನ್ನುವುದೇ ಮೊದಲ ಸುಳಿವು. ಎರಡೂ ರ‍್ಯಾಕ್ ಕೊಳಕಾಗಿದ್ದರೆ ಮೊದಲೇ ಡೈವರ್ಟರ್ ಮೇಲೆ ಅನುಮಾನ ಪಡಬೇಡಿ. ನೀರು ಕಡಿಮೆ ಬರುತ್ತಿರಬಹುದು, ಫಿಲ್ಟರ್ ಕಟ್ಟಿರಬಹುದು, ನೀರು ಬಿಸಿಯಾಗದೆ ಇರಬಹುದು, ಪಂಪ್ ಸೊರಗಿರಬಹುದು. ಸಿಂಕ್‌ನಲ್ಲಿ ಬಳಸುವ ಸೋಪು ಬಿದ್ದು ನೊರೆ ತುಂಬಿದರೂ ಪಂಪ್ ನೀರಿನ ಬದಲು ಗಾಳಿ ಎಳೆಯುತ್ತದೆ. ಒಂದು ರ‍್ಯಾಕ್ ಚೆನ್ನಾಗಿದ್ದು ಇನ್ನೊಂದು ಕೊಳಕಾಗಿದ್ದರೆ, ಪಂಪ್ ಸರಿ ಇದೆ, ನೀರು ಹಂಚಿಕೆಯಲ್ಲೇ ತೊಂದರೆ. ಮೇಲೆ ಚೆನ್ನಾಗಿ, ಕೆಳಗೆ ಕೊಳಕು ಅಂದರೂ ಅಷ್ಟೇ. ತಟ್ಟೆ ಇನ್ನೊಂದು ಜಾಗದಲ್ಲಿ ನಿಂತಿದೆ ಅಂತ ಅರ್ಥ.

ಆಮೇಲೆ ಸ್ಪ್ರೇ ಆರ್ಮ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ನಮ್ಮ ಅಡುಗೆಗೆ ಒಗ್ಗರಣೆ ಬೇಕೇ ಬೇಕು. ಸಾಸಿವೆ ಕಾಳು ಆರ್ಮ್‌ನ ತೂತಿಗೆ ಅಳತೆ ತೆಗೆದ ಹಾಗೆ ಕೂರುತ್ತದೆ. ನಮ್ಮದರಲ್ಲಿ ಹನ್ನೆರಡು ತೂತಿನ ಪೈಕಿ ಮೂರರಲ್ಲಿ ಸಾಸಿವೆ, ಒಂದರಲ್ಲಿ ಕರಿಬೇವಿನ ಕಡ್ಡಿಯ ತುಂಡು ಇತ್ತು. ಪಿನ್ನಿನಿಂದ ಒಳಕ್ಕೆ ತಳ್ಳಬೇಡಿ, ಇನ್ನೊಂದು ತೂತಿಗೆ ಹೋಗಿ ಕೂರುತ್ತದೆ. ಹೊರಕ್ಕೆ ಎಬ್ಬಿಸಿ, ಆಮೇಲೆ ಆರ್ಮ್‌ನಲ್ಲಿ ನೀರು ತುಂಬಿ ಜೋರಾಗಿ ಕುಲುಕಿ. ಫಿಲ್ಟರನ್ನೂ ಹಳೆಯ ಟೂತ್‌ಬ್ರಷ್ ಹಾಕಿ ಉಜ್ಜಿ. ಮೇಲಿನ ರ‍್ಯಾಕ್ ಎರಡೂ ಕಡೆ ಒಂದೇ ಎತ್ತರದಲ್ಲಿದೆಯಾ, ಒಳಗೆ ತಳ್ಳಿದಾಗ ಅದರ ಪೈಪು ಹಿಂದಿನ ಗೋಡೆಯ ಬಾಯಿಗೆ ಸರಿಯಾಗಿ ಕೂರುತ್ತಾ ನೋಡಿ. ಒಂದು ಕಡೆ ಒಂದು ಹಲ್ಲು ಕೆಳಗಿಳಿದಿದ್ದರೆ ಸಾಕು, ನೀರೆಲ್ಲಾ ಸಂದಿನಲ್ಲೇ ಸೋರಿಹೋಗುತ್ತದೆ. ಉದ್ದ ಹಿಡಿಯ ಸೌಟು ರ‍್ಯಾಕ್‌ನಿಂದ ಇಳಿಬಿದ್ದು ಆರ್ಮ್‌ಗೆ ಅಡ್ಡ ನಿಲ್ಲುವುದೂ ಉಂಟು.

ಇದೆಲ್ಲಾ ಸರಿ ಇದ್ದರೆ ಆರ್ಮ್ ಪರೀಕ್ಷೆ. ಮೇಲಿನ ಆರ್ಮನ್ನು ಕೈಯಿಂದ ತಿರುಗಿಸಿ, ಒಂದು ತುದಿ ಸರಿಯಾಗಿ ಬಾಗಿಲಿನ ಕಡೆ ಬರುವ ಹಾಗೆ ನಿಲ್ಲಿಸಿ. ಕೆಳಗಿನದನ್ನೂ ಹಾಗೇ ಮಾಡಿ. ಪಾತ್ರೆ ಇಲ್ಲದೆ ಚಿಕ್ಕ ಪ್ರೋಗ್ರಾಂ ಹಾಕಿ. ನೀರು ತುಂಬಿ ಪಂಪ್ ಶುರುವಾದ ಮೇಲೆ ಹತ್ತು ನಿಮಿಷ ಬಿಟ್ಟು ನಿಲ್ಲಿಸಿ, ಬಾಗಿಲನ್ನು ನಿಧಾನವಾಗಿ ತೆಗೆಯಿರಿ. ಬಿಸಿ ಹಬೆ ಮುಖಕ್ಕೆ ಹೊಡೆಯುತ್ತದೆ, ಹುಷಾರು. ಆರ್ಮ್ ಇಟ್ಟ ಜಾಗದಲ್ಲೇ ಇದೆಯಾ, ಸರಿದಿದೆಯಾ? ತಿರುಗಿ ತಿರುಗಿ ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುವ ಸಾಧ್ಯತೆಯೂ ಇದೆ. ಅದಕ್ಕೆ ಮೂರು ಸಲ ಮಾಡಿ. ನಾನು ಎರಡೂ ರ‍್ಯಾಕ್‌ನಲ್ಲಿ ಒಂದೊಂದು ಸ್ಟೀಲ್ ಲೋಟ ಬಾಯಿ ಮೇಲೆ ಮಾಡಿ ಇಟ್ಟಿದ್ದೆ. ಕೆಳಗಿನದು ತುಂಬಿ ತುಳುಕುತ್ತಿತ್ತು. ಮೇಲಿನದರಲ್ಲಿ ಒಂದು ಬೆರಳಷ್ಟು ನೀರು, ಅದೂ ಕೆಳಗಿಂದ ಎಗರಿ ಬಿದ್ದಿದ್ದು. ಮೇಲಿನ ಆರ್ಮ್ ಮೂರೂ ಸಲ ಕದಲಿರಲಿಲ್ಲ.

ಕಿವಿಯೂ ಬೇಕು. ಒಳ್ಳೆ ಯಂತ್ರದಲ್ಲಿ ಸದ್ದು ಆಗಾಗ ಬದಲಾಗುತ್ತದೆ. ಕೆಳಗೆ ಹೊಡೆಯುವಾಗ ದಪ್ಪ ಸದ್ದು, ಮೇಲೆ ಹೊಡೆಯುವಾಗ ತೆಳು ಸದ್ದು. ನಡುವೆ ಒಂದು ಸಣ್ಣ ಗುಂಯ್ ಅನ್ನುವ ಸದ್ದು, ಅದೇ ಡೈವರ್ಟರ್ ತಿರುಗುವುದು. ಉದ್ದದ ಸ್ಕ್ರೂಡ್ರೈವರ್‌ನ ತುದಿಯನ್ನು ಬಾಗಿಲ ಕೆಳಗಿನ ಪಟ್ಟಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟರೆ ಚೆನ್ನಾಗಿ ಕೇಳಿಸುತ್ತದೆ. ಮೂರು ಬಗೆ ಇದೆ. ಗುಂಯ್ ಅನ್ನುವ ಸದ್ದೇ ಇಲ್ಲದಿದ್ದರೆ ಮೋಟರ್‌ಗೆ ಕರೆಂಟ್ ಬರುತ್ತಿಲ್ಲ, ಇಲ್ಲಾ ಕಾಯಿಲ್ ಹೋಗಿದೆ. ಕಟಕಟ ಅಂತ ಒದ್ದಾಡಿದರೆ ತಟ್ಟೆ ಬಿಗಿಯಾಗಿದೆ, ಇಲ್ಲಾ ಗಿಯರ್ ಹಲ್ಲು ಉದುರಿದೆ. ನಿಲ್ಲದೆ ಗುಂಯ್ ಅಂತ ಬಹಳ ಹೊತ್ತು ಸುತ್ತುತ್ತಿದ್ದರೆ ಮೋಟರ್ ತಿರುಗುತ್ತಿದೆ, ಆದರೆ ಸ್ವಿಚ್ ಬೋರ್ಡಿಗೆ ಏನೂ ಹೇಳುತ್ತಿಲ್ಲ. ಬೋರ್ಡ್ ಜಾಗ ಹುಡುಕಿ ಹುಡುಕಿ ಸಾಕಾಗಿ ಬಿಟ್ಟುಬಿಡುತ್ತದೆ. ನನಗೆ ಕೇಳಿಸಿದ್ದು ಈ ಮೂರನೆಯದು.

ಎರರ್ ಕೋಡ್ ಬಗ್ಗೆ ಜಾಸ್ತಿ ಹೇಳಲ್ಲ. ಕಂಪನಿಯಿಂದ ಕಂಪನಿಗೆ, ಮಾಡೆಲ್‌ನಿಂದ ಮಾಡೆಲ್‌ಗೆ ಅವು ಬೇರೆ. ನಮ್ಮ ಯಂತ್ರ ಯಾವ ಕೋಡೂ ತೋರಿಸದೆ ಸುಮ್ನೆ ತೊಳೆದು ಮುಗಿಸುತ್ತಿತ್ತು. ಒಂದನ್ನು ಮಾತ್ರ ಗಮನಿಸಿ: ನೀರು ಸೋರಿದ ಕೋಡ್. ಬಾಷ್ ಯಂತ್ರಗಳಲ್ಲಿ ಅದು ಇ15. ಯಂತ್ರದ ಅಡಿಯ ತಟ್ಟೆಯಲ್ಲಿ ನೀರು ನಿಂತು, ಅಲ್ಲಿರುವ ತೇಲುವ ಸ್ವಿಚ್ ಮೇಲೆದ್ದಿದೆ ಅಂತ ಅದರ ಅರ್ಥ. ಬಹಳ ಜನ ಯಂತ್ರ ಓರೆ ಮಾಡಿ ಆ ನೀರು ಚೆಲ್ಲಿ, ಸರಿಹೋಯ್ತು ಅಂದುಕೊಳ್ಳುತ್ತಾರೆ. ನೀರು ಎಲ್ಲಿಂದ ಬಂತು ಅಂತ ಕೇಳಿಕೊಳ್ಳಬೇಕು. ಡೈವರ್ಟರ್ ಸೀಲ್ ಕೂಡ ಅದರ ಒಂದು ದಾರಿ.

ಮಲಗಿಸಿ ನೋಡಿದಾಗ

ವಾರಂಟಿ ಇದ್ದರೆ ಇಲ್ಲೇ ನಿಲ್ಲಿಸಿ, ಸರ್ವಿಸ್‌ನವರನ್ನು ಕರೆಯಿರಿ. ಯಂತ್ರ ಹಾಕಿದಾಗ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತಿದ್ದರೂ, ಸುಟ್ಟ ವಾಸನೆ ಬಂದಿದ್ದರೂ ಅಷ್ಟೇ.

ನೀವೇ ಬಿಚ್ಚುವುದಾದರೆ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದ್ದೇನೆ ಅನ್ನುವುದು ಸಾಲದು. ಪ್ಲಗ್ ನಿಮ್ಮ ಕಣ್ಣಿಗೆ ಕಾಣುವ ಹಾಗೆ ಹೊರಗಿರಲಿ. ಒಂದೈದು ನಿಮಿಷ ಬಿಡಿ. ನಲ್ಲಿ ಮುಚ್ಚಿ, ಒಳಬರುವ ಪೈಪು, ಹೊರಹೋಗುವ ಪೈಪು ಬಿಚ್ಚಿ. ಸಂಪ್‌ನಲ್ಲಿ ಉಳಿದ ನೀರನ್ನು ಸ್ಪಂಜಿನಿಂದ ಅದ್ದಿ ಅದ್ದಿ ತೆಗೆಯಿರಿ. ಯಂತ್ರದೊಳಗಿನ ಉಪ್ಪಿನ ಡಬ್ಬಿಯ ಮುಚ್ಚಳ ಬಿಗಿ ಮಾಡಿ. ರ‍್ಯಾಕ್‌ಗಳನ್ನು ಹೊರಗಿಟ್ಟು ಬಾಗಿಲಿಗೆ ಟೇಪು ಸುತ್ತಿ. ಹನ್ನೆರಡು-ಹದಿನಾಲ್ಕು ಪ್ಲೇಸ್ ಸೆಟ್ಟಿಂಗ್‌ನ (ಅಷ್ಟು ಜನರ ಊಟದ ಪಾತ್ರೆ ಹಿಡಿಯುವ) ಯಂತ್ರ ನಲವತ್ತರಿಂದ ಐವತ್ತು ಕೆಜಿ ಇರುತ್ತದೆ. ಒಬ್ಬರೇ ಮಲಗಿಸಲು ಹೋಗಬೇಡಿ. ಪಕ್ಕದ ಮನೆ ಹುಡುಗ ಬಂದ. ಇಬ್ಬರೂ ಸೇರಿ ಹಳೆಯ ಕಂಬಳಿ ಹಾಸಿ ಹಿಂಬದಿಯ ಮೇಲೆ ಮಲಗಿಸಿದೆವು. ಆದರೂ ಪಕ್ಕದ ಗೋಡೆಯೊಳಗಿನ ನೀರಿನ ಕೋಣೆಯಿಂದ ಒಂದು ಲೀಟರ್‌ನಷ್ಟು ನೀರು ಬಂತು. ಕೆಲವು ಯಂತ್ರಗಳಲ್ಲಿ ಕಂಟ್ರೋಲ್ ಬೋರ್ಡ್ ತಳದಲ್ಲೇ ಇರುತ್ತದೆ. ಆ ನೀರು ಅದರ ಮೇಲೆ ಬಿದ್ದರೆ ಹೊಸ ತಲೆನೋವು. ಬೋರ್ಡ್ ಎಲ್ಲಿದೆ ಅಂತ ಮೊದಲೇ ತಿಳಿದುಕೊಂಡು, ಅದು ಮೇಲ್ಗಡೆ ಬರುವ ಹಾಗೆ ಮಲಗಿಸಿ.

ತಳದ ತಟ್ಟೆಯ ಸ್ಕ್ರೂಗಳು ಸಾಮಾನ್ಯವಾಗಿ ನಕ್ಷತ್ರದ ತಲೆಯವು, ಟಾರ್ಕ್ಸ್ ಟಿ20. ಮಾಮೂಲಿ ಸ್ಕ್ರೂಡ್ರೈವರ್ ಹಾಕಿ ತಲೆ ಕೆಡಿಸಬೇಡಿ. ಬಿಟ್ ಸೆಟ್ಟು, ಮಲ್ಟಿಮೀಟರ್ ಎರಡೂ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸುಲಭವಾಗಿ ಸಿಗುತ್ತವೆ. ತೇಲುವ ಸ್ವಿಚ್‌ನ ವೈರು ತಳದ ತಟ್ಟೆಗೆ ಅಂಟಿಕೊಂಡೇ ಇರುತ್ತದೆ. ತಟ್ಟೆಯನ್ನು ಜೋರಾಗಿ ಎಳೆದರೆ ಅದು ಕಿತ್ತುಬರುತ್ತದೆ. ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆಯಿರಿ.

ಮೋಟರ್ ಕಂಡ ತಕ್ಷಣ ಬಿಚ್ಚಬೇಡಿ. ಟಾರ್ಚ್ ಹಿಡಿದು ಒಂದು ನಿಮಿಷ ಸುಮ್ಮನೆ ನೋಡಿ. ನನಗೆ ಇಡೀ ಕತೆ ಅಲ್ಲೇ ಗೊತ್ತಾಯಿತು. ಕಡ್ಡಿ ಹೊರಬರುವ ಜಾಗದಿಂದ ಮೋಟರ್‌ನ ಮೈ ಮೇಲೆ ಒಂದು ಬಿಳಿ ಗೆರೆ ಇಳಿದಿತ್ತು. ಉಗುರಿನಿಂದ ಕೆರೆದರೆ ಪುಡಿಯಾಯಿತು. ಗೀಸರ್ ಕಾಯಿಲ್ ಮೇಲೆ ಕಟ್ಟುತ್ತದಲ್ಲ, ಅದೇ ಸುಣ್ಣ. ಗೆರೆಯ ತುದಿ ಸರಿಯಾಗಿ ಕನೆಕ್ಟರ್‌ನ ಬಾಯಿಗೆ ಬಂದು ಮುಗಿದಿತ್ತು. ಹನಿ ಹನಿಯಾಗಿ ನೀರು ಇಳಿದಿದೆ, ನೀರು ಆರಿ ಸುಣ್ಣ ಉಳಿದಿದೆ.

ಮೊದಲ ಮೋಟರನ್ನು ನಾನು ಎಸೆದಿರಲಿಲ್ಲ, ಡ್ರಾಯರ್‌ನಲ್ಲಿತ್ತು. ತಂದು ಪಕ್ಕದಲ್ಲಿ ಇಟ್ಟೆ. ಅದರ ಮೇಲೂ ಅದೇ ಜಾಗದಲ್ಲಿ ಅದೇ ಗೆರೆ, ಇನ್ನೂ ದಪ್ಪವಾಗಿ. ಅವತ್ತು ಮೆಕ್ಯಾನಿಕ್ ಈ ಗೆರೆ ನೋಡಿ ಒಂದು ನಿಮಿಷ ಯೋಚಿಸಿದ್ದರೆ ಸೀಲ್ ಕೂಡ ಆಗಲೇ ಬದಲಾಗುತ್ತಿತ್ತು. ಬೇರೆಯವರಿಂದ ಕೆಲಸ ಮಾಡಿಸಿದರೂ ಹಳೆಯ ಭಾಗವನ್ನು ಕೇಳಿ ಇಟ್ಟುಕೊಳ್ಳಿ. ಅದರ ಮೈ ಮೇಲೆ ಕಾರಣ ಬರೆದಿರುತ್ತದೆ.

ಮೀಟರ್ ಹಿಡಿದಾಗ

ಮೋಟರ್‌ಗೆ ಸಾಮಾನ್ಯವಾಗಿ ನಾಲ್ಕು ವೈರು. ಎರಡು ಕಾಯಿಲ್‌ಗೆ, ಎರಡು ಸ್ವಿಚ್‌ಗೆ. ಕನೆಕ್ಟರ್ ಬಿಚ್ಚಿ, ಮೀಟರನ್ನು ಓಮ್‌ಗೆ ಇಟ್ಟು ಕಾಯಿಲ್‌ನ ಎರಡು ಕಾಲುಗಳಿಗೆ ಹಿಡಿಯಿರಿ. 230 ವೋಲ್ಟಿನ ಇಂಥ ಚಿಕ್ಕ ಮೋಟರ್‌ಗಳು ಸಾವಿರಾರು ಓಮ್ ತೋರಿಸುತ್ತವೆ. ಹತ್ತು ಕಿಲೋ ಓಮ್ ಆಸುಪಾಸು ಬಂದರೆ ಗಾಬರಿ ಬೇಡ, ಅದು ಸರಿ. ಪಂಪ್‌ಗೆ ಬರುವ ಹಾಗೆ ಹತ್ತಿಪ್ಪತ್ತು ಓಮ್ ಬರಬೇಕು ಅಂದುಕೊಂಡು ಒಳ್ಳೆ ಮೋಟರನ್ನು ಬಿಸಾಕಿದವರಿದ್ದಾರೆ. ನಿಮ್ಮ ಮಾಡೆಲ್‌ನ ಸರ್ವಿಸ್ ಹಾಳೆ ಸಿಕ್ಕರೆ ಅದರಲ್ಲಿರುವ ಅಂಕಿಯೇ ಕೊನೆ. ಮೀಟರ್ ಓಎಲ್ ಅಂತ ತೋರಿಸಿದರೆ ಕಾಯಿಲ್ ಕಡಿದಿದೆ.

ಅಮೆರಿಕದಲ್ಲಿರುವವರು ಇದನ್ನು ಓದುತ್ತಿದ್ದರೆ ಗಮನಿಸಿ. ಅಲ್ಲಿನ ಮೋಟರ್ 120 ವೋಲ್ಟು, 60 ಹರ್ಟ್ಜ್. ಅಷ್ಟೇ ವ್ಯಾಟಿನ ಕಾಯಿಲ್ ಇಲ್ಲಿನದರ ಸುಮಾರು ಕಾಲು ಭಾಗದಷ್ಟು ಓಮ್ ತೋರಿಸುತ್ತದೆ. ಊರಿಂದ ಬರುವವರ ಕೈಲಿ ಇಲ್ಲಿನ ಮೋಟರ್ ತರಿಸಿಕೊಂಡರೆ ಉಪಯೋಗವಿಲ್ಲ. ಅಲ್ಲಿ ಬಹಳ ಕಡೆ ಯಂತ್ರಕ್ಕೆ ಪ್ಲಗ್ಗೇ ಇರಲ್ಲ, ವೈರು ನೇರವಾಗಿ ಗೋಡೆಯಿಂದ ಬರುತ್ತದೆ. ಬ್ರೇಕರ್ ಇಳಿಸಿ, ಟೆಸ್ಟರ್ ಹಿಡಿದು ನೋಡಿಯೇ ಕೈ ಹಾಕಿ.

ನನ್ನ ಎರಡನೇ ಮೋಟರ್‌ನ ಕಾಯಿಲ್ 9 ಕಿಲೋ ಓಮ್ ತೋರಿಸಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಮೋಟರ್ ಸರಿ ಇದೆ, ಬೋರ್ಡ್ ಹೋಗಿದೆ ಅಂತ ತೀರ್ಮಾನ ಮಾಡಿ ಬೋರ್ಡಿಗೆ ದುಡ್ಡು ಸುರಿಯುತ್ತಿದ್ದೆ. ಮೀಟರನ್ನು ಬೀಪ್‌ಗೆ (ಸಂಪರ್ಕ ಇದ್ದರೆ ಸದ್ದು ಮಾಡುವ ಗುರುತಿಗೆ) ಇಟ್ಟು ಸ್ವಿಚ್‌ನ ಕಾಲುಗಳಿಗೆ ಹಿಡಿದೆ. ಅದರ ಗುಂಡಿಯನ್ನು ಟೂತ್‌ಪಿಕ್‌ನಿಂದ ಒತ್ತಿದೆ. ಟಿಕ್ ಅಂತು, ಬೀಪ್ ಬರಲಿಲ್ಲ. ಹತ್ತು ಸಲ ಒತ್ತಿದರೆ ಒಂದು ಸಲ ಬಂತು. ಕಾಲುಗಳ ಬುಡದಲ್ಲಿ ಹಸಿರು ಕಿಲುಬು ಹಿಡಿದಿತ್ತು. ಹಳೆಯ ಮೋಟರ್‌ನಲ್ಲಿ ಕಾಯಿಲೇ ಕಡಿದಿತ್ತು, ಹೊಸದರಲ್ಲಿ ಸ್ವಿಚ್. ದೋಷ ಬೇರೆ ಬೇರೆ, ಕೊಂದಿದ್ದು ಒಂದೇ ಹನಿ.

ಎರಡು ಎಚ್ಚರಿಕೆ. ಮೋಟರ್‌ನ ಕಡ್ಡಿಯನ್ನು ಇಕ್ಕಳ ಹಾಕಿ ತಿರುಗಿಸಬೇಡಿ. ಒಳಗಿನ ಗಿಯರ್ ಪ್ಲಾಸ್ಟಿಕ್ಕಿನದು, ಹಲ್ಲು ಮುರಿಯುತ್ತದೆ. ಎರಡನೆಯದು, ಮೋಟರ್‌ಗೆ ನೇರವಾಗಿ 230 ವೋಲ್ಟ್ ಕೊಟ್ಟು ತಿರುಗುತ್ತಾ ನೋಡೋಣ ಅನ್ನುವ ಪರೀಕ್ಷೆಯನ್ನು ಮನೆಯ ಒದ್ದೆ ನೆಲದ ಮೇಲೆ ಮಾಡಬೇಡಿ. ಎಲೆಕ್ಟ್ರಿಷಿಯನ್ ಅಂಗಡಿಗೆ ಕೊಂಡುಹೋಗಿ, ಅವರು ಮಾಡಿ ತೋರಿಸುತ್ತಾರೆ. ಕಾಯಿಲ್ ಸರಿ, ಸ್ವಿಚ್ ಸರಿ, ವೈರೂ ಕಡಿದಿಲ್ಲ, ತಟ್ಟೆಯೂ ಸಲೀಸಾಗಿ ತಿರುಗುತ್ತದೆ ಅಂದರೆ ಆಮೇಲೆ ಬೋರ್ಡ್ ಕಡೆ ಹೋಗಿ. ಅದು ಕೊನೆಯ ಅನುಮಾನ ಆಗಬೇಕು.

ತಟ್ಟೆ, ಕಡ್ಡಿ, ಸೀಲ್

ಮೋಟರ್ ತೆಗೆದ ಮೇಲೆ ಸಂಪ್‌ನಿಂದ ಹೊರಗೆ ಚಾಚಿದ ಕಡ್ಡಿ ಕಾಣುತ್ತದೆ. ಅದನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ. ಬೆರಳಿಗೆ ಸಲೀಸಾಗಿ ತಿರುಗಬೇಕು. ಇದು ಇಡೀ ಕೆಲಸದ ಅತಿ ಮುಖ್ಯವಾದ ಪರೀಕ್ಷೆ, ಇದಕ್ಕೆ ಯಾವ ಮೀಟರೂ ಬೇಡ. ನಮ್ಮದು ಅರ್ಧ ಸುತ್ತು ಸರಿಯಾಗಿ ಬಂದು, ಆಮೇಲೆ ಮರಳು ಸಿಕ್ಕ ಹಾಗೆ ಕರಕರ ಅಂತಿತ್ತು.

ಒಳಗಿನಿಂದ ಫಿಲ್ಟರ್, ಕೆಳಗಿನ ಆರ್ಮ್, ಸಂಪ್‌ನ ಮುಚ್ಚಳ ತೆಗೆದರೆ ತಟ್ಟೆ ಕೈಗೆ ಬರುತ್ತದೆ. ಕೆಲವು ಮಾಡೆಲ್‌ನಲ್ಲಿ ಡೈವರ್ಟರ್ ಸಂಪ್‌ನ ಪಕ್ಕಕ್ಕೆ ಒಂದು ಡಬ್ಬಿಯ ಹಾಗೆ ಅಂಟಿಕೊಂಡಿರುತ್ತದೆ, ಅದನ್ನು ಹಾಗೇ ಕಳಚಬಹುದು. ಒಳಗೆ ಏನು ಬೇಕಾದರೂ ಸಿಕ್ಕಬಹುದು. ಗಾಜಿನ ಚೂರು, ಟೂತ್‌ಪಿಕ್, ಸೇಬಿನ ಮೇಲಿನ ಸ್ಟಿಕರ್. ಆದ್ದರಿಂದ ಬರಿಗೈ ಹಾಕಬೇಡಿ, ಗಾಜು ನೀರಲ್ಲಿ ಕಾಣಲ್ಲ. ನನಗೆ ಸಿಕ್ಕಿದ್ದು ಒಂದು ಏಲಕ್ಕಿ ಸಿಪ್ಪೆ, ಮತ್ತೆ ಸುಣ್ಣ. ತಟ್ಟೆಯ ಅಂಚಿನ ಸುತ್ತಲೂ ಸಕ್ಕರೆ ಹರಳಿನ ಹಾಗೆ ಸುಣ್ಣ ಕೂತಿತ್ತು. ಕಡ್ಡಿಯ ಮೇಲೂ, ಸರಿಯಾಗಿ ಸೀಲ್ ಉಜ್ಜುವ ಜಾಗದಲ್ಲಿ, ಒಂದು ಒರಟು ಉಂಗುರ.

ಇಲ್ಲಿ ಸರಪಳಿ ಪೂರ್ತಿಯಾಯಿತು. ಗಡಸು ನೀರಿನಿಂದ ಕಡ್ಡಿಗೆ ಸುಣ್ಣ ಕಟ್ಟಿತು. ಕಡ್ಡಿ ತಿರುಗಿದಾಗೆಲ್ಲಾ ಅದು ರಬ್ಬರ್ ಸೀಲಿನ ತುಟಿಯನ್ನು ಅರದಿಂದ ಉಜ್ಜಿದ ಹಾಗೆ ಉಜ್ಜಿತು. ತುಟಿ ಸವೆದು ಹನಿ ಇಳಿಯಿತು. ಹನಿ ಮೋಟರ್‌ಗೆ ಹೋಯಿತು. ಮೋಟರ್ ಮಾತ್ರ ಬದಲಿಸಿದಾಗ ಮೇಲಿನ ಮೂರೂ ಹಾಗೇ ಉಳಿದವು.

ಸುಣ್ಣ ತೆಗೆಯಲು ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಒಂದು ಲೀಟರ್ ಬಿಸಿ ನೀರಿಗೆ ಎರಡು ದೊಡ್ಡ ಚಮಚ ಹಾಕಿ, ತಟ್ಟೆ ಮತ್ತು ಕಡ್ಡಿಯನ್ನು ಒಂದು ಗಂಟೆ ನೆನೆಸಿದೆ. ಸಣ್ಣ ಗುಳ್ಳೆಗಳು ಏಳುತ್ತಾ ಸುಣ್ಣ ಕರಗಿತು. ಉಳಿದಿದ್ದನ್ನು ಮರದ ಕಡ್ಡಿಯಿಂದ ಕೆರೆದೆ. ಚಾಕು ಹಾಕಿದರೆ ಗೀರು ಬೀಳುತ್ತದೆ, ಆ ಗೀರಿನಲ್ಲೇ ಮತ್ತೆ ಸುಣ್ಣ ಹಿಡಿಯುತ್ತದೆ. ಬಾತ್‌ರೂಮ್ ತೊಳೆಯುವ ಆಸಿಡ್ ಮಾತ್ರ ಯಂತ್ರದ ಹತ್ತಿರ ತರಬೇಡಿ. ಅದರಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ, ಸ್ಟೀಲ್‌ಗೆ ಸಣ್ಣ ಸಣ್ಣ ಗುಳಿ ಬೀಳಿಸುತ್ತದೆ.

ಸೀಲ್ ಹೊಸದೇ ಹಾಕಬೇಕು. ಹಳೆಯದನ್ನು ತಿರುವಿ ಹಾಕುವುದು, ಟೆಫ್ಲಾನ್ ಟೇಪ್ ಸುತ್ತುವುದು ನಾಲ್ಕು ದಿನದ ಮಾತು. ಕೆಲವು ಕಂಪನಿಗಳು ಸೀಲ್ ಬೇರೆಯಾಗಿ ಕೊಡಲ್ಲ, ಸಂಪ್ ಪೂರ್ತಿ ತಗೊಳ್ಳಿ ಅನ್ನುತ್ತಾರೆ. ನನಗೂ ಮೊದಲು ಹಾಗೇ ಹೇಳಿದರು. ಬಿಡಿಭಾಗದ ಚಿತ್ರದಲ್ಲಿ ಸೀಲಿನ ನಂಬರ್ ಇತ್ತು, ಅದನ್ನು ತೋರಿಸಿ ಕೇಳಿದ ಮೇಲೆ ಒಂಬತ್ತು ದಿನಕ್ಕೆ ತರಿಸಿಕೊಟ್ಟರು. ಕೂರಿಸುವಾಗ ತುಟಿ ನೀರಿನ ಕಡೆಗೆ ಇರಬೇಕು. ತೆಳುವಾಗಿ ಸಿಲಿಕೋನ್ ಗ್ರೀಸ್ ಹಚ್ಚಿ. ವ್ಯಾಸಲೀನ್, ಕೊಬ್ಬರಿ ಎಣ್ಣೆ ಬೇಡ, ಎಣ್ಣೆ ತಾಗಿದರೆ ಕೆಲವು ಬಗೆಯ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಮೋಟರ್ ಕೊಳ್ಳುವಾಗಲೂ ಒಂದು ಮಾತು. ಮೈಕ್ರೊವೇವ್ ತಟ್ಟೆ ತಿರುಗಿಸುವ ಮೋಟರ್ ನೋಡಲು ಇದರ ಹಾಗೇ ಇರುತ್ತದೆ. ಅದನ್ನೇ ಹಾಕಿಬಿಡೋಣ ಅನಿಸುತ್ತದೆ. ಅದರಲ್ಲಿ ಜಾಗ ಹೇಳುವ ಸ್ವಿಚ್ ಇಲ್ಲ, ಕಡ್ಡಿಯ ಆಕಾರ ಬೇರೆ. ಮೈಕ್ರೊವೇವ್ ಮೋಟರ್ ಒಂದು ಸಲ ಬಲಕ್ಕೆ ಶುರುವಾದರೆ ಇನ್ನೊಂದು ಸಲ ಎಡಕ್ಕೂ ಶುರುವಾಗಬಹುದು. ಇಲ್ಲಿ ಅದು ನಡೆಯಲ್ಲ. ಹೊಸ ಮೋಟರ್ ಕೂರಿಸುವಾಗ ಕಡ್ಡಿಯ ಚಪ್ಪಟೆ ಮುಖ ಸರಿಹೊಂದಿಸಿ, ಸ್ಕ್ರೂಗಳನ್ನು ಕೈಬಿಗಿಯಷ್ಟೇ ತಿರುಗಿಸಿ. ತಟ್ಟೆ ಯಾವ ಜಾಗದಲ್ಲಿದ್ದರೂ ಚಿಂತೆ ಬೇಡ, ಶುರುವಾದಾಗ ಬೋರ್ಡ್ ತಾನೇ ಸ್ವಿಚ್ ನೋಡಿ ಜಾಗ ಹುಡುಕಿಕೊಳ್ಳುತ್ತದೆ.

ನೀರಿನ ಗಡಸು

ನಮ್ಮ ಮನೆಗೆ ಮೊದಲಿಂದ ಕಾವೇರಿ ನೀರು. ಯಂತ್ರ ಕೂರಿಸಿದವರು ಗಡಸಿನ ಸೆಟ್ಟಿಂಗ್ ಅತಿ ಕಡಿಮೆಗೆ ಇಟ್ಟಿದ್ದರು, ಅದು ಆಗ ಸರಿಯೇ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂತಲ್ಲ, ಆಗ ನಮ್ಮ ಬೀದಿಗೂ ಟ್ಯಾಂಕರ್ ಶುರುವಾಯಿತು. ಟ್ಯಾಂಕರ್ ನೀರು ಕೊಳವೆ ಬಾವಿಯದು. ಮನೆಯ ನೆಲದಡಿಯ ನೀರಿನ ತೊಟ್ಟಿಗೆ ಆ ನೀರು ಬಿದ್ದಾಗ ಯಾರೂ ಡಿಶ್‌ವಾಷರ್ ಸೆಟ್ಟಿಂಗ್ ನೆನಪಿಸಿಕೊಳ್ಳಲಿಲ್ಲ. ನಾನೂ ನೆನಪಿಸಿಕೊಳ್ಳಲಿಲ್ಲ. ಗಾಜಿನ ಲೋಟದ ಮೇಲೆ ಬಿಳಿ ಮಬ್ಬು ಕಂಡಿದ್ದೂ ಆಗಲೇ. ಸೋಪು ಬದಲಿಸಿ ನೋಡಿದೆವು. ಆ ವರ್ಷ ದೀಪಾವಳಿ ಹೊತ್ತಿಗೆ ಮೊದಲ ಮೋಟರ್ ಹೋಯಿತು.

ಎರಡನೇ ಸಲ ಬಿಚ್ಚಿದ ದಿನ, ನೀರಿನ ಗಡಸು ತೋರಿಸುವ ಪರೀಕ್ಷಾ ಪಟ್ಟಿ ಅದ್ದಿ ನೋಡಿದೆ. ಲೀಟರಿಗೆ 400 ಮಿಲಿಗ್ರಾಂ ಮೇಲೆ ತೋರಿಸಿತು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಹಾಕಿರುವ ಮಾನದಂಡ, ಐಎಸ್ 10500:2012, ಗಡಸಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರು ಸಿಗದಿದ್ದರೆ 600ರ ತನಕ ಅನ್ನುತ್ತದೆ. ಅಂದರೆ ಕುಡಿಯಲು ಅಡ್ಡಿಯಿಲ್ಲದ ನೀರೂ ಈ ಯಂತ್ರಕ್ಕೆ ಬಹಳ ಗಡಸು. ಕೈಪಿಡಿಯಲ್ಲಿ ಗಡಸನ್ನು ಜರ್ಮನ್ ಡಿಗ್ರಿಯಲ್ಲಿ ಕೊಟ್ಟಿದ್ದರೆ ಮಿಲಿಗ್ರಾಂ ಅಂಕಿಯನ್ನು 17.8ರಿಂದ ಭಾಗಿಸಿ. 400 ಅಂದರೆ ಸುಮಾರು 22 ಡಿಗ್ರಿ. ಸೆಟ್ಟಿಂಗ್ ಅದಕ್ಕೆ ಏರಿಸಿ, ಡಿಶ್‌ವಾಷರ್ ಉಪ್ಪು ತುಂಬಿದೆ. ಅಡುಗೆಯ ಪುಡಿ ಉಪ್ಪು ಹಾಕಬೇಡಿ, ಅದಕ್ಕೆ ಬೆರೆಸಿರುವ ಬೇರೆ ಪದಾರ್ಥಗಳು ಯಂತ್ರದೊಳಗೆ ನೀರಿನ ಗಡಸು ತೆಗೆಯುವ ರಾಳದ ಮಣಿಗಳಿಗೆ ಒಗ್ಗಲ್ಲ.

2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಕಾವೇರಿ ನೀರು ತರುವ ಯೋಜನೆಯ ಐದನೇ ಹಂತ ಶುರುವಾದ ಮೇಲೆ ಹೊರವಲಯದ ಎಷ್ಟೋ ಮನೆಗಳಲ್ಲಿ ಈಗ ಕಾವೇರಿ, ಬೋರ್ ಎರಡೂ ಬೆರೆಯುತ್ತವೆ. ಅಂಥ ಕಡೆ ಪಟ್ಟಿಯನ್ನು ಒಂದೇ ದಿನ ಅದ್ದಿ ತೀರ್ಮಾನಿಸಬೇಡಿ. ಒಂದು ವಾರದಲ್ಲಿ ಮೂರು ಸಲ ಅದ್ದಿ, ಜಾಸ್ತಿ ಬಂದ ಅಂಕಿಗೆ ಸೆಟ್ಟಿಂಗ್ ಇಡಿ. ಅಪಾರ್ಟ್‌ಮೆಂಟ್‌ನಲ್ಲಿ ಇಡೀ ಕಟ್ಟಡಕ್ಕೆ ಸಾಫ್ಟನರ್ (ನೀರಿನ ಗಡಸು ತೆಗೆಯುವ ಯಂತ್ರ) ಇದ್ದರೆ ಮಾತ್ರ ಕಡಿಮೆ ಇಡಬಹುದು. ಆಗಲೂ ಅಡುಗೆಮನೆ ನಲ್ಲಿಯ ನೀರನ್ನೇ ಅದ್ದಿ ನೋಡಿ. ಸುಮ್ನೆ ಅತಿ ಹೆಚ್ಚಿಗೆ ಇಟ್ಟರೆ ಉಪ್ಪು ಬೇಗ ಖಾಲಿಯಾಗುತ್ತದೆ, ನೀರು ಅತಿ ಮೆದುವಾಗಿ ಗಾಜಿನ ಹೊಳಪೂ ಹೋಗುತ್ತದೆ.

ಮುಚ್ಚುವ ಮುಂಚೆ

ಯಂತ್ರ ಎತ್ತಿ ನಿಲ್ಲಿಸಿದೆವು. ಪ್ಲಗ್ ಹಾಕದೆ ಸಂಪ್‌ಗೆ ಮೂರು ಲೀಟರ್ ಬಿಸಿ ನೀರು ಸುರಿದೆ. ಮೋಟರ್ ಕೆಳಗೆ ಒಂದು ಟಿಶ್ಯೂ ಹಾಸಿ ಒಂದು ಗಂಟೆ ಬಿಟ್ಟೆ. ಒಣಗೇ ಇತ್ತು. ಆದರೆ ನಿಂತ ನೀರಿಗೂ ಪಂಪ್‌ನ ಒತ್ತಡಕ್ಕೂ ವ್ಯತ್ಯಾಸ ಇದೆ. ಅದಕ್ಕೇ ತಳ ಮುಚ್ಚಿ, ಮುಂದಿನ ಕೆಳಪಟ್ಟಿ ಮಾತ್ರ ತೆಗೆದಿಟ್ಟು ಒಂದು ಪೂರ್ತಿ ಪ್ರೋಗ್ರಾಂ ಓಡಿಸಿದೆ. ಓಡುವಾಗ ಕೈ ಒಳಗೆ ಹಾಕಬೇಡಿ, ಟಾರ್ಚ್ ಬಿಟ್ಟು ದೂರದಿಂದ ನೋಡಿ. ಮುಗಿದು, ಪ್ಲಗ್ ಕಿತ್ತ ಮೇಲೆ ಟಿಶ್ಯೂ ಎಳೆದು ನೋಡಿದೆ. ಒಂದು ಹನಿಯ ಗುರುತೂ ಇರಲಿಲ್ಲ. ಮೇಲಿನ ಆರ್ಮ್ ಇಟ್ಟ ಜಾಗದಿಂದ ಸರಿದಿತ್ತು, ಬಾಯಿ ಮೇಲೆ ಮಾಡಿ ಇಟ್ಟಿದ್ದ ಲೋಟ ತುಂಬಿತ್ತು.

ಟಿಶ್ಯೂವನ್ನು ಮತ್ತೆ ಅಲ್ಲೇ ಇಟ್ಟು ಪಟ್ಟಿ ಹಾಕಿದೆ. ಒಂದು ತಿಂಗಳ ಮೇಲೆ ತೆಗೆದು ಬಿಸಿಲಿಗೆ ಹಿಡಿದೆ. ಹನಿ ಬಿದ್ದು ಆರಿದ್ದರೂ ಬಿಳಿ ಚುಕ್ಕೆ ಉಳಿಯಬೇಕಿತ್ತು. ಧೂಳು ಬಿಟ್ಟರೆ ಏನೂ ಇರಲಿಲ್ಲ.